ಟ್ರಂಕಮ್ಮನ ಕೊನೆಯ ಗೆಣ್ಣು

ನನ್ನ ಕಪಾಟಿನಲ್ಲಿ ತಲೆಯೂ ಇಲ್ಲದ, ಬಾಲವೂ ಇಲ್ಲದ ಪುಸ್ತಕವೊಂದಿದೆ. ಶುರುವಾಗುವುದೇ ಒಂದು ವಾಕ್ಯದ ನಡುವಿನಿಂದ. ಮುಗಿಯುವುದು ಯಾರೋ ಬಾಗಿಲು ತಟ್ಟುವಲ್ಲಿಗೆ. ತಟ್ಟಿದವರು ಯಾರು ಅಂತ ಅದನ್ನು ಓದಿದವರಿಗೆ ಜನ್ಮದಲ್ಲಿ ತಿಳಿಯುವುದಿಲ್ಲ. ಮೇಲೆ ಹಳೆಯ ಕ್ಯಾಲೆಂಡರಿನ ಹಾಳೆಯನ್ನು ರಟ್ಟಿನಂತೆ ಹೊದಿಸಿದೆ, ಅದರಲ್ಲಿ ಲಕ್ಷ್ಮಿಯ ಒಂದು ಕೈ ಮತ್ತು ಅರ್ಧ ತಾವರೆ. ಗೌರಿ ಹಬ್ಬಕ್ಕೆ ಮನೆ ಧೂಳು ಹೊಡೆಯುವಾಗ ಅದು ಕೈಗೆ ಸಿಕ್ಕಿತು. ಸಿಕ್ಕ ಕೂಡಲೇ ಸಿಟ್ಟು ನೆತ್ತಿಗೇರಿತು.

ನನಗೆ ಸಿಟ್ಟು ಬೇಗ ಬರುತ್ತದೆ. ಮದ್ದೂರಿನ ನಮ್ಮ ಬೀದಿಯಲ್ಲಿ ಇದು ಹಾಲಿನವನಿಗೂ ಗೊತ್ತು, ಕೇಬಲ್ಲಿನವನಿಗೂ ಗೊತ್ತು. ಆದರೆ ಅವರ ಮೇಲೆ ಬರುವುದು ಬಂದು ಹೋಗುವ ಸಿಟ್ಟು. ಪುಸ್ತಕದ ಮೇಲೆ ಬರುವುದು ಮಾತ್ರ ಉಳಿದುಬಿಡುತ್ತದೆ. ನಾನು ಓದಿದ ಪುಸ್ತಕಗಳನ್ನೆಲ್ಲ ನೆನೆಸಿಕೊಂಡರೆ ಮೊದಲು ನೆನಪಾಗುವುದು ಅವು ನನ್ನನ್ನು ಎಲ್ಲೆಲ್ಲಿ ಕೆರಳಿಸಿದವು ಅನ್ನುವುದೇ. ಅವುಗಳ ಬಗ್ಗೆ ಇಲ್ಲಿ ಬರೆಯುತ್ತೇನೆ, ಹೆಸರು ಮಾತ್ರ ಹೇಳುವುದಿಲ್ಲ. ಹೇಳಿದರೆ ನೀವು ಎರವಲು ಕೇಳುತ್ತೀರಿ. ಕೊಡದಿದ್ದರೆ ನನ್ನನ್ನು ಜಿಪುಣಿ ಅನ್ನುತ್ತೀರಿ. ಕೊಟ್ಟರೆ ಬಾಳೆಹಣ್ಣಿನ ಸಿಪ್ಪೆಯನ್ನು ಗುರುತಿಗಿಟ್ಟು ವಾಪಸು ಕೊಡುತ್ತೀರಿ. ಅಂಥವರನ್ನು ನಾನು ಕಂಡಿದ್ದೇನೆ.

ಈ ರುಂಡವಿಲ್ಲದ ಪುಸ್ತಕದ ಕಥೆ ಹೇಳಬೇಕೆಂದರೆ ರೈಲಿನಿಂದ ಶುರು ಮಾಡಬೇಕು. ನಾನು ಕೆಂಗೇರಿ ಕಡೆಯ ಒಂದು ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದೆ. ದಿನಾ ಬೆಳಿಗ್ಗೆ ಮದ್ದೂರಿನಲ್ಲಿ ಪ್ಯಾಸೆಂಜರ್ ಹತ್ತುತ್ತಿದ್ದೆ. ಅಷ್ಟರಲ್ಲಿ ಮಂಡ್ಯದಲ್ಲಿ ಹತ್ತಿದ ಜಯಕ್ಕ ಹೆಂಗಸರ ಬೋಗಿಯಲ್ಲಿ ನನಗೆ ಚೀಲ ಇಟ್ಟು ಜಾಗ ಹಿಡಿದಿರುತ್ತಿದ್ದಳು. ಜಯಕ್ಕ ಮಳವಳ್ಳಿಯವಳು, ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಅವಳ ದನಿಗೆ ಟಿಕೆಟ್ ಕಲೆಕ್ಟರುಗಳೂ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಸಂಜೆ ವಾಪಸು ಬರುವಾಗ ಬೋಗಿಯೆಲ್ಲ ಅಡುಗೆಮನೆ. ಒಬ್ಬಳು ಅವರೆಕಾಯಿ ಸುಲಿಯುತ್ತಿದ್ದಳು, ಇನ್ನೊಬ್ಬಳು ಸೊಪ್ಪು ಬಿಡಿಸುತ್ತಿದ್ದಳು. ಜಯಕ್ಕ ಮಡಿಲಲ್ಲಿ ಪೇಪರು ಹಾಸಿಕೊಂಡು ಹುರುಳಿಕಾಯಿ ಕುಯ್ಯುತ್ತಿದ್ದಳು. ಮನೆ ತಲುಪಿದ ಕೂಡಲೇ ಒಲೆಗೆ ಹಾಕಬೇಕಲ್ಲ. ನಾನೊಬ್ಬಳು ಮಾತ್ರ ಕಂದು ಕಾಗದದ ರಟ್ಟು ಹಾಕಿದ ಪುಸ್ತಕ ಹಿಡಿದು, ಮೂಗಿನ ಮೇಲೆ ಕನ್ನಡಕ ಏರಿಸಿಕೊಂಡು ಮಹಾರಾಣಿಯ ಹಾಗೆ ಕೂತಿರುತ್ತಿದ್ದೆ.

ಒಂದು ಸಂಜೆ ಜಯಕ್ಕನಿಗೆ ಇದು ತಡೆಯಲಾಗಲಿಲ್ಲ.

"ಏನೇ ರತ್ನಾ, ಅಷ್ಟ್ ದಪ್ಪ ಪುಸ್ತಕ ಒಬ್ಳೇ ತಬ್ಕಂಡು ಕೂತಿದೀಯ? ನಾವೇನ್ ಓದಾಕ್ ಬರ್ದೋರಾ?"

"ಮುಗಿಸಿ ಕೊಡ್ತೀನಿ ಕಣಕ್ಕ," ಅಂದೆ.

"ನೀನ್ ಮುಗ್ಸೋ ಒತ್ಗೆ ನಾನ್ ರಿಟೈರಾಗೋಯ್ತೀನಿ. ತತ್ತಾ ಇಲ್ಲಿ."

ತೆಗೆದುಕೊಂಡಳು. ಪುಟ ತಿರುವುತ್ತಾಳೇನೋ ಅಂದುಕೊಂಡೆ. ಹುರುಳಿಕಾಯಿ ಕುಯ್ಯುತ್ತಿದ್ದ ಚಾಕುವನ್ನು ಸೀರೆಗೆ ಒರೆಸಿ, ಪುಸ್ತಕವನ್ನು ಬೆನ್ನಿನ ಮೇಲೆ ಮಲಗಿಸಿ ತೆರೆದು, ನಡುಬೆನ್ನಿಗೆ ಹಾಕಿ ಎಳೆದಳು. ಮತ್ತೊಂದು ಕಡೆ ಎಳೆದಳು. ಅಧ್ಯಾಯ ಎಲ್ಲಿ ಮುಗಿಯುತ್ತದೆ ಅಂತ ಕೂಡ ನೋಡಲಿಲ್ಲ. ದಪ್ಪ ಸಮಸಮ ಬಂದರೆ ಸಾಕು, ಕಬ್ಬು ತುಂಡು ಮಾಡಿ ಮಕ್ಕಳಿಗೆ ಹಂಚುವವರ ಹಾಗೆ. ನನ್ನ ಬಾಯಿಂದ ಕಿರುಚಿಕೊಂಡ ಸದ್ದು ಬಂತಂತೆ, ನನಗೆ ನೆನಪಿಲ್ಲ.

"ಏನಾಯ್ತೀಗ? ಅಕ್ಸರ ಎಲ್ಲಾ ಅಲ್ಲೇ ಅವೆ," ಅಂದಳು. "ಒಬ್ಬೊಬ್ರು ಒಂದೊಂದ್ ಗೆಣ್ಣು ತಕಳ್ರವ್ವಾ. ಓದಾದ್ಮೇಲೆ ಬದ್ಲಾಯ್ಸ್ಕಳಾದು."

ಅಂದಿನಿಂದ ನಮ್ಮ ಬೋಗಿಯಲ್ಲಿ ಪುಸ್ತಕದ ಭಾಗಕ್ಕೆ ಗೆಣ್ಣು ಎಂದೇ ಹೆಸರು. ಒಂದನೇ ಗೆಣ್ಣು ಯಾರ ಹತ್ತಿರ ಇದೆ, ಮೂರನೇ ಗೆಣ್ಣು ರಾಮನಗರದವಳು ತಂದಳಾ, ಹೀಗೆ. ದಬ್ಬಣದಲ್ಲಿ ಹೊಲಿದು, ಕ್ಯಾಲೆಂಡರಿನ ಹಾಳೆ ಹೊದಿಸುವುದು ಮಂಜುಳನ ಕೆಲಸ. ಮಂಜುಳ ಶಿವಪುರದ ಕಡೆಯವಳು, ನಮ್ಮೆಲ್ಲರಿಗಿಂತ ಚಿಕ್ಕವಳು, ಗಾರ್ಮೆಂಟ್ಸಿನಲ್ಲಿ ಹೊಲಿಗೆ. ನಾನು ಮೂರು ದಿನ ಜಯಕ್ಕನ ಜೊತೆ ಮಾತು ಬಿಟ್ಟೆ. ಅವಳು ಅದನ್ನು ಗಮನಿಸಲೇ ಇಲ್ಲ, ಅದಕ್ಕೆ ಇನ್ನಷ್ಟು ಸಿಟ್ಟು ಬಂತು.

ಆದರೂ ಹೇಳಬೇಕು, ನಾನು ಕಾಲೇಜಿನಲ್ಲಿ ಓದಿದ್ದಕ್ಕಿಂತ ಹೆಚ್ಚು ಆ ಗೆಣ್ಣುಗಳಲ್ಲಿ ಓದಿದೆ. ಷಟ್ಪದಿಯ ಒಂದು ಹಳೆಯ ಕಾವ್ಯವನ್ನು ಗದ್ಯದ ಅರ್ಥದ ಸಮೇತ ಕುಯ್ದಾಗ ಯುದ್ಧದ ಭಾಗ ಜಯಕ್ಕನಿಗೆ ಹೋಯಿತು. ಕವಿ ಬಾಣಗಳನ್ನು ಮಳೆಯಂತೆ ಸುರಿಸಿದ್ದ, ರಕ್ತದ ಹೊಳೆ ಹರಿಸಿದ್ದ. ನಾನಾಗಿದ್ದರೆ ಅಲಂಕಾರ ಯಾವುದು ಅಂತ ಹುಡುಕುತ್ತಿದ್ದೆ. ಜಯಕ್ಕ ಓದಿ ಮುಗಿಸಿ, "ಇಷ್ಟ್ ಜನ ಗಾಯ ಆಗಿ ಬಿದ್ದವ್ರೆ, ಒಬ್ಬನ್ಗಾದ್ರೂ ಪಟ್ಟಿ ಕಟ್ಟೋರು ಬ್ಯಾಡ್ವಾ? ಇದೆಂಥಾ ಕವಿನೇ!" ಎಂದು ಕೆಂಡವಾದಳು. ನನ್ನ ಸಿಟ್ಟು ಬೇರೆ. ಆ ಕವಿ ಪಟ್ಟಣದ ಕೋಟೆ, ಆನೆ, ಕೊಳ, ಹಂಸ ಎಲ್ಲವನ್ನೂ ವರ್ಣಿಸಿದ್ದಾನೆ. ಆ ಪಟ್ಟಣದಲ್ಲಿ ಅಡುಗೆ ಮಾಡಿದವರು ಯಾರು, ನೀರು ಹೊತ್ತವರು ಯಾರು ಅನ್ನುವುದು ಅವನಿಗೆ ತಿಳಿಯದು. ಹಂಸಗಳೇ ಹೊತ್ತಿರಬೇಕು.

ಚಳಿದೇಶದ ಒಂದು ಅನುವಾದಿತ ಕಾದಂಬರಿ ಸಿಕ್ಕಿತ್ತು. ಅದರಲ್ಲಿ ಪ್ರತಿಯೊಬ್ಬರಿಗೂ ಮೂರು ಮೂರು ಹೆಸರು. ಅಪ್ಪ ಒಂದು ಕೂಗುತ್ತಾನೆ, ಹೆಂಡತಿ ಇನ್ನೊಂದು, ಸಾಲ ಕೊಟ್ಟವನು ಮತ್ತೊಂದು. ಗೆಣ್ಣು ಬದಲಾಯಿಸಿಕೊಳ್ಳುವಾಗ ಯಾರು ಯಾರೆಂದು ತಿಳಿಯದೆ ದೊಡ್ಡ ಜಗಳವೇ ಆಯಿತು. ಕೊನೆಗೆ ನಾವೇ ಪಂಚಾಯಿತಿ ಮಾಡಿ ಒಬ್ಬನನ್ನು ಧಣಿ, ಒಬ್ಬನನ್ನು ಕುಂಟ, ಒಬ್ಬಳನ್ನು ಕೆಮ್ಮುವ ಹೆಂಗಸು ಎಂದು ಕರೆದೆವು. ಏಪ್ರಿಲ್ ತಿಂಗಳ ಸೆಕೆಯಲ್ಲಿ, ಚನ್ನಪಟ್ಟಣದ ಹೊರಗೆ ರೈಲು ಸಿಗ್ನಲ್ಲಿಗೆ ನಿಂತಾಗ, ಆ ಹಿಮದಲ್ಲಿ ಕೆಮ್ಮುವ ಹೆಂಗಸು ಸತ್ತಳು. ಬೋಗಿಯ ತುಂಬ ಮೂಗು ಒರೆಸಿಕೊಳ್ಳುವ ಸದ್ದು. ಅಷ್ಟು ದೂರ ಕೂತು, ನಮ್ಮ ಮುಖ ನೋಡದೆ, ನಮ್ಮನ್ನು ಅಳಿಸುವ ಅಧಿಕಾರ ಆ ಲೇಖಕನಿಗೆ ಯಾರು ಕೊಟ್ಟರು ಎಂದು ಆಗಲೂ ನನಗೆ ಕೋಪವೇ ಬಂದದ್ದು.

ಇನ್ನೊಂದು ಜಾತಿಯ ಪುಸ್ತಕವಿದೆ, ಕಿಟಕಿ ಕಾದಂಬರಿ ಅಂತ ನಾನು ಹೆಸರಿಟ್ಟಿದ್ದೇನೆ. ನಾಯಕ ಕಿಟಕಿಯ ಬಳಿ ನಿಂತು ಸಿಗರೇಟು ಸೇದುತ್ತ ಬದುಕಿಗೆ ಅರ್ಥವಿಲ್ಲ ಎಂದು ಯೋಚಿಸುತ್ತಾನೆ. ಪುಸ್ತಕ ಮುಗಿದರೂ ಅವನು ಅಲ್ಲಿಂದ ಕದಲುವುದಿಲ್ಲ. ನಾವೋ ಕಿಟಕಿ ಪಕ್ಕದ ಸೀಟಿಗೆ ದಿನಾ ಜುಟ್ಟು ಜುಟ್ಟು ಹಿಡಿಯುವವರು. ಇವನಿಗೆ ಪುಕ್ಕಟೆ ಕಿಟಕಿ ಸಿಕ್ಕಿದೆ, ಮೇಲೆ ಗೊಣಗು ಬೇರೆ! ಅದನ್ನು ಓದಿದ ಮಂಜುಳ, "ಇವ್ನ್ ಅಂಗಿ ಒಗ್ಯೋರ್ ಯಾರಕ್ಕ?" ಎಂದು ಒಂದೇ ಪ್ರಶ್ನೆ ಕೇಳಿದಳು. ಆ ಕಾದಂಬರಿಯ ಬಗ್ಗೆ ಮೇಷ್ಟರುಗಳು ಬರೆದದ್ದನ್ನೆಲ್ಲ ನಾನು ಓದಿದ್ದೇನೆ. ಆ ಪ್ರಶ್ನೆಗೆ ಅವರಲ್ಲಿ ಯಾರೂ ಉತ್ತರ ಕೊಟ್ಟಿಲ್ಲ.

ಈಗ ನನ್ನ ಕಪಾಟಿನ ರುಂಡವಿಲ್ಲದ ಪುಸ್ತಕಕ್ಕೆ ಬರುತ್ತೇನೆ. ಅದೊಂದು ಹಳೆಯ ಕಾದಂಬರಿಯ ಮೂರನೇ ಗೆಣ್ಣು. ಗಂಡ ಹೊಡೆಯುತ್ತಾನೆಂದು ಕಥಾನಾಯಕಿ ಶುರುವಿನಲ್ಲೇ ಒಂದು ತಗಡಿನ ಟ್ರಂಕು ಎತ್ತಿಕೊಂಡು ಮನೆ ಬಿಟ್ಟು ಹೊರಡುತ್ತಾಳೆ. ಅವಳಿಗೆ ಲೇಖಕರು ಕೊಟ್ಟ ಹೆಸರು ಬೇರೆ, ನಾವು ಟ್ರಂಕಮ್ಮ ಎಂದೆವು. ಹೊರಟವಳು ಪಟ್ಟಣ ಸೇರಿ, ಅಚ್ಚಿನ ಮನೆಯಲ್ಲಿ ಅಕ್ಷರದ ಮೊಳೆ ಜೋಡಿಸುವುದು ಕಲಿತು, ಬಾಡಿಗೆ ಕೋಣೆ ಹಿಡಿದು ಒದ್ದಾಡುತ್ತಾಳೆ. ಬೋಗಿಗೆ ಬೋಗಿಯೇ ಅವಳ ಹಿಂದೆ ಬಿತ್ತು. ಇವತ್ತು ಟ್ರಂಕಮ್ಮನಿಗೆ ಸಂಬಳ ಬಂತಾ, ಆ ಮನೆ ಓನರ್ರು ಇನ್ನೇನು ತಗಾದೆ ತೆಗೆದ ಅನ್ನುವುದೇ ಮಾತು.

ಎಲ್ಲರಿಗಿಂತ ಆಸೆಯಿಂದ ಓದುತ್ತಿದ್ದವಳು ಮಂಜುಳ. ಯಾಕೆ ಅಂತ ನಮಗೆಲ್ಲ ಗೊತ್ತಿತ್ತು, ಯಾರೂ ಬಾಯಿಬಿಡುತ್ತಿರಲಿಲ್ಲ. ಅವಳು ಕೆಲವು ದಿನ ಸೆರಗನ್ನು ತಲೆಯ ಮೇಲಿಂದ ಕೆನ್ನೆಗೆ ಎಳೆದುಕೊಂಡು ಬರುತ್ತಿದ್ದಳು. ಒಂದು ದಿನ ತುಟಿ ಒಡೆದಿತ್ತು. ಹಾಲು ಕುಡಿಯುವ ಕೂಸು ಬೇರೆ, ಅದನ್ನು ಅಮ್ಮನ ಮನೆಯಲ್ಲಿ ಬಿಟ್ಟು ಬರುತ್ತಿದ್ದಳು.

ಕೊನೆಯ ಗೆಣ್ಣನ್ನು ಮೊದಲು ಓದಿದವಳು ಜಯಕ್ಕ. ಮರುದಿನ ನಾವೆಲ್ಲ ಕೈಯೊಡ್ಡಿದರೆ, "ಎಲ್ಲೋ ಬಿದ್ದೋಯ್ತು ಕಣ್ರವ್ವಾ, ಸೀಟ್ ಮೇಲೇ ಬುಟ್ಬುಟ್ಟೆ ಅನ್ಸ್ತದೆ," ಅಂದಳು. ನನಗೆ ಅವಳನ್ನು ರೈಲಿನಿಂದ ನೂಕಿಬಿಡುವಷ್ಟು ಸಿಟ್ಟು ಬಂತು. ನನ್ನ ಪುಸ್ತಕ ಅದು! ಕುಯ್ದದ್ದಲ್ಲದೆ ಕಳೆದೂ ಬಂದಿದ್ದಾಳೆ.

"ಕತೆ ನಾನ್ ಏಳ್ತೀನಿ ಬುಡು," ಎಂದು ಹೇಳಿದಳು. ಗಂಡ ಬಂದು ಕರೆದನಂತೆ. ಟ್ರಂಕಮ್ಮ ಹೋಗಲಿಲ್ಲವಂತೆ. ಅಚ್ಚಿನ ಮನೆಯಲ್ಲೇ ದೊಡ್ಡ ಕೆಲಸವಾಯಿತಂತೆ, ಸ್ವಂತ ಮನೆ ಮಾಡಿದಳಂತೆ. "ಆಮೇಲೆ ಆ ಟ್ರಂಕ್ ಇತ್ತಲ್ಲ, ಅದ್ರೊಳಕ್ಕೆ ರಾಗಿಹಿಟ್ ತುಂಬಿ ಮಂಚದಡಿಗೆ ತಳ್ಬುಟ್ಲು. ಇನ್ನೆಲ್ಗೂ ಓಗಂಗಿಲ್ವಲ್ಲ, ಅದ್ಕೆ."

ಬೋಗಿಯೆಲ್ಲ ಚಪ್ಪಾಳೆ. ಮಂಜುಳ ಮಾತ್ರ ಹೊರಗೆ ನೋಡುತ್ತಿದ್ದಳು. ಕೆಲವು ವಾರಗಳ ಮೇಲೆ ಅವಳು ಕೂಸನ್ನು ಎತ್ತಿಕೊಂಡು ಗಂಡನ ಮನೆ ಬಿಟ್ಟು, ಮದ್ದೂರಿನಲ್ಲಿ ಒಂದು ಕೋಣೆ ಬಾಡಿಗೆ ಹಿಡಿದಳು. ಈಗ ಅವಳದೇ ಟೈಲರಿಂಗ್ ಅಂಗಡಿ ಇದೆ, ನನ್ನ ರವಿಕೆಗಳೆಲ್ಲ ಅಲ್ಲೇ. ತೋಳು ಬಿಗಿಯಾಯಿತೆಂದು ಜಗಳವಾಡಿ ಬರುವುದೂ ಅಲ್ಲಿಗೇ.

ನಿವೃತ್ತಳಾದ ಮೇಲೆ ನನ್ನ ಓದು ಹೆಚ್ಚಿತು, ಸಿಟ್ಟೂ ಹೆಚ್ಚಿತು. ತಮ್ಮನ ಮಗ ಒಂದು ಪುಸ್ತಕ ತಂದುಕೊಟ್ಟ, ಬೆಳಗಾಗುವ ಮುಂಚೆ ಎದ್ದರೆ ಮನುಷ್ಯ ಉದ್ಧಾರವಾಗುತ್ತಾನಂತೆ. ನಮ್ಮ ಕಡೆ ಹಸು ಕಟ್ಟಿದ ಹೆಂಗಸರೆಲ್ಲ ಹುಟ್ಟಿದಾಗಿನಿಂದ ಹಾಗೇ ಏಳುತ್ತಿದ್ದಾರೆ. ಯಾರ ಉದ್ಧಾರವಾಯಿತು? ಇನ್ನೊಂದು, ಈಗಿನ ಹುಡುಗಿಯೊಬ್ಬಳು ಬರೆದ ಕಥೆಗಳು. ನಮ್ಮ ಮಂಡ್ಯದ ಮಾತಿನಲ್ಲೇ ಬರೆದಿದ್ದಾಳೆ. ಓದುತ್ತಾ ಹೋದರೆ ನಮ್ಮ ಬೀದಿಯ ನಲ್ಲಿಯ ಬಳಿ ನಿಂತ ಹಾಗೆಯೇ ಆಯಿತು, ಅಷ್ಟು ಚೆಂದ. ಕೊನೆಗೆ ನೋಡಿದರೆ ನಮ್ಮ ಮಾತುಗಳಿಗೆಲ್ಲ ಅರ್ಥ ಕೊಟ್ಟಿದ್ದಾರೆ, 'ಒಸಿ' ಎಂದರೆ 'ಸ್ವಲ್ಪ' ಎಂದು. ನಮ್ಮನ್ನು ಮ್ಯೂಸಿಯಮ್ಮಿನಲ್ಲಿಟ್ಟು ಚೀಟಿ ಅಂಟಿಸಿದ ಹಾಗೆ! ಆ ಹುಡುಗಿಯ ಮೇಲಲ್ಲ, ಅವಳ ಕೈಲಿ ಅದನ್ನು ಬರೆಸಿದವರ ಮೇಲೆ ನನಗೆ ಇವತ್ತಿಗೂ ಕೋಪವಿದೆ.

ಈ ವರ್ಷ ಆಷಾಢಕ್ಕೆ ಸ್ವಲ್ಪ ಮುಂಚೆ ಮಂಡ್ಯದ ಒಂದು ಪುಸ್ತಕ ಮಳಿಗೆಯಲ್ಲಿ ಟ್ರಂಕಮ್ಮ ಸಿಕ್ಕಿದಳು. ಹೊಸ ಮುದ್ರಣ, ಮಿರಮಿರ ಮಿಂಚುವ ರಟ್ಟು. ಬಸ್ಸಿನಲ್ಲಿ ಕೂತವಳೇ ಕೊನೆಯ ಭಾಗ ತೆಗೆದೆ. ರಾಗಿಹಿಟ್ಟು ಎಲ್ಲೂ ಇಲ್ಲ! ಗಂಡನಿಗೆ ಕಾಯಿಲೆಯಾಗಿದೆ. ಸುದ್ದಿ ಕೇಳಿದ ಟ್ರಂಕಮ್ಮ ಕೆಲಸ ಬಿಟ್ಟು ಓಡುತ್ತಾಳೆ. ಮನೆ ಬಿಟ್ಟದ್ದು ತನ್ನದೇ ತಪ್ಪೆಂದು ಅವನ ಕಾಲಿಗೆ ಬೀಳುತ್ತಾಳೆ. ಅವನು ಕ್ಷಮಿಸುತ್ತಾನೆ. ಅವನು, ಅವಳನ್ನು! ಮುನ್ನುಡಿ ಬರೆದ ಪಂಡಿತರಿಗೆ ಈ ಅಂತ್ಯದಲ್ಲಿ ಹೆಣ್ಣಿನ ಔನ್ನತ್ಯ ಕಂಡಿದೆ. ಗೆಜ್ಜಲಗೆರೆ ದಾಟುವಾಗ ನಾನು "ಥೂ" ಎಂದದ್ದು ಮುಂದಿನ ಸೀಟಿನವರಿಗೂ ಕೇಳಿಸಿ ಅವರು ತಿರುಗಿ ನೋಡಿದರು.

ಮರುದಿನವೇ ಮಳವಳ್ಳಿ ಬಸ್ಸು ಹತ್ತಿದೆ. ಜಯಕ್ಕ ಜಗಲಿಯ ಮೇಲೆ ಕಾಲು ಚಾಚಿ ಕೂತು ಹುರುಳಿಕಾಯಿ ಕುಯ್ಯುತ್ತಿದ್ದಳು. ಪುಸ್ತಕವನ್ನು ಅವಳ ಮುಂದೆ ಕುಕ್ಕಿ, "ಕೊನೇ ಗೆಣ್ಣು ಏನಾಯ್ತು ಹೇಳು," ಅಂದೆ.

"ಸಿಂಸಾ ಒಳೆಗೆ ಬಿಸಾಕ್ದೆ," ಅಂದಳು, ತಲೆಯೆತ್ತದೆ.

"ಬಿಸಾಕ್ದೆ! ನನ್ನ ಪುಸ್ತಕ! ಕಳೆದೋಯ್ತು ಅಂತ ಸುಳ್ಳು ಬೇರೆ!"

"ಊಂ. ರೈಲು ಸೇತ್ವೆ ಮ್ಯಾಲೆ ಬಂದಾಗ ಬಾಗ್ಲಿಂದ ಎಸ್ದೆ. ಏನೀಗ?" ಚಾಕು ಕೆಳಗಿಟ್ಟಳು. "ಆ ಮಂಜುಳ ಮೂತಿ ಊದುಸ್ಕಂಡು ನನ್ನೆದ್ರುಗೇ ಕೂತಿದ್ಲು ಕಣೇ. ಗಂಡನ್ನ ಬುಡದಾ ಬ್ಯಾಡ್ವಾ ಅಂತ ಒದ್ದಾಡ್ತಿದ್ಲು. ಅವ್ಳ್ ಕೈಗೆ ಆ ಕಾಲಿಗ್ ಬೀಳಾ ಕತೆ ಕೊಡ್ಲಾ? ನನ್ ಆಸ್ಪತ್ರೆಗೆ ಅಂಥವ್ರು ಎಷ್ಟ್ ಜನ ಬರ್ತಿದ್ರು ಗೊತ್ತಾ ನಿಂಗೆ? ಗಂಡನ್ ಮನೆಗೆ ವಾಪಸ್ ಓದೋರೇ ಮತ್ತೆ ಬರ್ತಿದ್ದದ್ದು. ನಿನ್ ಪುಸ್ತಕವಂತೆ, ಪುಸ್ತಕ!"

ಬೈಯಲು ಹೋದವಳು ಬೈಸಿಕೊಂಡು, ಅವಳು ಬಡಿಸಿದ ಮುದ್ದೆ ಉಂಡು, ಹುರುಳಿಕಾಯಿ ಸಾರಿಗೆ ಉಪ್ಪು ಜಾಸ್ತಿಯಾಗಿದೆ ಎಂದು ಹೇಳಿ ವಾಪಸು ಬಂದೆ. ಸಿಟ್ಟು ಇಳಿದಿರಲಿಲ್ಲ, ಜಯಕ್ಕನನ್ನು ಬಿಟ್ಟು ಆ ಲೇಖಕರ ಕಡೆ ತಿರುಗಿತ್ತು. ಅಷ್ಟು ಕಷ್ಟಪಟ್ಟು ಹೆಣ್ಣೊಬ್ಬಳನ್ನು ಮನೆಯಿಂದ ಹೊರಗೆ ತಂದ ಮನುಷ್ಯ ಅವಳನ್ನು ವಾಪಸು ಕಳಿಸಿದ್ದಾದರೂ ಯಾಕೆ? ಅವರು ಬದುಕಿದ್ದಿದ್ದರೆ ಅವರ ಮನೆಗೇ ಹೋಗಿ ಕೇಳುತ್ತಿದ್ದೆ.

ಆಷಾಢದ ಕೊನೆಯಲ್ಲಿ ಮಂಜುಳ ಮನೆಗೆ ಬಂದಳು. ಹೊಸ ಪುಸ್ತಕ ನನ್ನಲ್ಲಿದೆ ಎಂದು ಜಯಕ್ಕ ಫೋನಿನಲ್ಲಿ ಊದಿದ್ದಳು.

"ಅಕ್ಕ, ಟ್ರಂಕಮ್ಮನ್ ಪುಸ್ತಕ ಒಂದ್ ದಪ ಕೊಡಿ. ಚೈತ್ರಂಗೆ ಓದುಸ್ಬೇಕು."

ಚೈತ್ರ ಎಂದರೆ ಅಂದಿನ ಆ ಕೂಸು. ಹೋದ ಮಾಘದಲ್ಲಿ ಮದುವೆಯಾಗಿತ್ತು, ನಾನೂ ಉಂಡು ಬಂದಿದ್ದೆ. ಹೊಸ ಮದುಮಗಳು ಆಷಾಢಕ್ಕೆ ತವರಿಗೆ ಬಂದಿದ್ದಾಳೆ ಎಂದಷ್ಟೇ ನಾನು ತಿಳಿದಿದ್ದೆ.

"ಬೆನ್ ಮ್ಯಾಲೆ ಬಾಸುಂಡೆ ಅದೆ ಅಕ್ಕ. ಸ್ನಾನಕ್ಕೆ ನೀರ್ ಉಯ್ಯಾಕೋದಾಗ ಕಂಡೆ. ಕೇಳುದ್ರೆ ಅಡ್ಜಸ್ಟ್ ಮಾಡ್ಕತೀನಿ ಅಂತ ಅಳ್ತಳೆ. ಸ್ರಾವಣಕ್ಕೆ ಕರ್ಕಂಡೋಗಕ್ಕೆ ಬತ್ತಾರಂತೆ. ನಾನ್ ಏಳುದ್ರೆ ಕೇಳಲ್ಲ, ನೀನ್ ಗಂಡನ್ ಬುಟ್ಟೋಳು ಅಂತಳೆ."

ನಾಳೆ ಬಾ ಎಂದು ಕಳಿಸಿದೆ. ಎರವಲು ಕೊಡುವುದಿಲ್ಲ ಎಂಬ ನನ್ನ ಶಪಥ ಆಗ ನೆನಪಿಗೇ ಬರಲಿಲ್ಲ. ತಲೆಯಲ್ಲಿದ್ದದ್ದು ಆ ಕಾಲಿಗೆ ಬೀಳುವ ಭಾಗ ಒಂದೇ. ಅಡುಗೆಮನೆಯಿಂದ ಚಾಕು ತಂದೆ. ಹೌದು, ನಾನೇ. ಪುಟದ ಕಿವಿ ಮಡಚಿದವರ ಮನೆಗೆ ಹೋಗಿ ಜಗಳ ಮಾಡಿದ ನಾನೇ. ಈಗಿನ ಪುಸ್ತಕಗಳಿಗೆ ದಾರದ ಹೊಲಿಗೆಯೂ ಇರುವುದಿಲ್ಲ, ಬರೀ ಅಂಟು. ಜಯಕ್ಕನ ಕೈಯಲ್ಲಿ ಸರಾಗ ಓಡಿದ ಚಾಕು ನನ್ನ ಕೈಯಲ್ಲಿ ಸೊಟ್ಟ ಓಡಿ, ರಟ್ಟನ್ನೂ ಗೀರಿ, ಬೆರಳನ್ನೂ ಕುಯ್ದಿತು. ಪುಸ್ತಕ ಅಂಟಿಸುವವರಿಗೆ, ಬರೆಯುವವರಿಗೆ, ಮುನ್ನುಡಿಯವರಿಗೆ ಎಲ್ಲರಿಗೂ ಸೇರಿಸಿ ಬೈದೆ. ಕೊನೆಯ ಗೆಣ್ಣನ್ನು ಅಕ್ಕಿ ಡಬ್ಬದ ಹಿಂದೆ ತುರುಕಿದೆ.

ಮರುದಿನ ಮಂಜುಳ ಪುಸ್ತಕ ತೆಗೆದುಕೊಂಡವಳೇ ಬೆನ್ನಿನ ಮೇಲೆ ಬೆರಳಾಡಿಸಿದಳು. ಹೊಲಿಗೆಯವಳ ಬೆರಳಲ್ಲವೇ.

"ಜಯಕ್ಕ ಇಷ್ಟ್ ಸೊಟ್ಟ ಕುಯ್ತಿರ್ನಿಲ್ಲ," ಎಂದು ನಕ್ಕಳು. "ಕೊನೇದೂ ಕೊಡಿ ಅಕ್ಕ."

"ಅದು ಬೇಡ ಕಣೆ. ಅದರಲ್ಲಿ..."

"ಗೊತ್ತು. ಕಾಲಿಗ್ ಬೀಳ್ತಳೆ."

"ನಿಂಗೆ ಹೇಗೆ ಗೊತ್ತು?" ಅಂದೆ.

"ರಾಗಿಹಿಟ್ಟು ಅಂದಾಗ್ಲೇ ಅಂದ್ಕಂಡೆ, ಇದು ಜಯಕ್ಕನ್ ಕತೆ ಅಂತ. ಇಡೀ ಪುಸ್ತಕದಲ್ಲಿ ಆ ಟ್ರಂಕಮ್ಮ ಒಂದ್ ದಪನಾದ್ರೂ ಉಂಡಿದ್ಲಾ? ಮಂಡ್ಯ ಲೈಬ್ರರಿಗೋಗಿ ನಿಂತ್ಕಂಡೇ ಓದ್ದೆ. ಮೈಯೆಲ್ಲ ಉರ್ದೋಯ್ತು ಅಕ್ಕ. ಇಷ್ಟೆಲ್ಲ ಪಟ್ಟು ಕೊನೇಗ್ ಇದಾ ಅಂತ. ಅಲ್ಲೀಗಂಟ ಬರೀ ಅಳ್ತಿದ್ದೆ ನಾನು, ಕ್ವಾಪ ಅಂತ ಬಂದಿದ್ದು ಆವತ್ತೇ. ಆ ಕ್ವಾಪದಲ್ಲೇ ಮನೆಗೋಗಿ ಬಟ್ಟೆ ಕಟ್ಕಂಡು, ಕೂಸೆತ್ಕಂಡು ಒಂಟೆ."

"ಜಯಕ್ಕನಿಗೆ ಹೇಳಲಿಲ್ವಾ?"

"ಪಾಪ, ಅಷ್ಟ್ ಚೆನ್ನಾಗ್ ಏಳಿದ್ರು," ಅಂದಳು. ಆಮೇಲೆ ನಗು ನಿಂತಿತು. "ನನ್ ಮಗ್ಳು ಬರೀ ಅಳ್ತಾವ್ಳೆ ಅಕ್ಕ. ಅವ್ಳ್ಗೆ ಒಸಿ ಕ್ವಾಪ ಬರ್ಬೇಕು."

ಅಕ್ಕಿ ಡಬ್ಬದ ಹಿಂದಿನಿಂದ ತೆಗೆದು ಕೊಟ್ಟೆ.

ಶ್ರಾವಣ ಬಂದು ಹೋಯಿತು. ನಾನಾಗಿ ಕೇಳಲು ಧೈರ್ಯವಾಗಲಿಲ್ಲ, ರವಿಕೆ ತರುವ ನೆಪದಲ್ಲೂ ಆ ಕಡೆ ಹೋಗಲಿಲ್ಲ. ಗೌರಿ ಹಬ್ಬದ ಧೂಳು ಹೊಡೆಯುತ್ತ, ಆ ಮೂರನೇ ಗೆಣ್ಣನ್ನು ಕೈಯಲ್ಲಿ ಹಿಡಿದು ನನ್ನ ಪಾಡಿಗೆ ಬೈದುಕೊಳ್ಳುತ್ತಿರುವಾಗ ಬಾಗಿಲು ತಟ್ಟಿದ ಸದ್ದಾಯಿತು. ಚೈತ್ರ. ಕುತ್ತಿಗೆಯಲ್ಲಿ ಅಳತೆಯ ಟೇಪು, ಅಮ್ಮನ ಅಂಗಡಿಯಿಂದ ನೇರ ಬಂದಿದ್ದಳು. ಕೈಯಲ್ಲಿ ನನ್ನ ಪುಸ್ತಕ, ನೀಟಾಗಿ ಕ್ಯಾಲೆಂಡರಿನ ಹಾಳೆ ಹೊದಿಸಿದ್ದಳು. ತೆಗೆದು ನೋಡಿದರೆ ಕೊನೆಯ ಗೆಣ್ಣು ಇಲ್ಲ.

"ಕೊನೇ ಭಾಗ ಎಲ್ಲಮ್ಮ?"

ಹುಡುಗಿ ಅಳುಮುಖ ಮಾಡುತ್ತಾಳೇನೋ ಅಂದುಕೊಂಡೆ. ಸೆಟೆದು ನಿಂತಳು.

"ಅವ್ರು ಕರ್ಕಂಡೋಗಕ್ ಬಂದಿದ್ರಲ್ಲ ಆಂಟಿ, ಆವತ್ತು ಅರ್ದು ಒಲೆಗಾಕ್ಬುಟ್ಟೆ. ಬರೋಲ್ಲ ಅಂದೆ. ಬೈಯಂಗಿದ್ರೆ ಬಯ್ರಿ."

ನನ್ನ ಪುಸ್ತಕವನ್ನು ಹರಿದು ಸುಟ್ಟವಳನ್ನು ಒಳಗೆ ಕರೆದು ಕೂರಿಸಿ, ಗಟ್ಟಿ ಹಾಲು ಹಾಕಿ ಕಾಫಿ ಮಾಡಿಕೊಟ್ಟೆ.